ಲಿನಕ್ಸ್ ಗಣಕಯಂತ್ರಗಳಲ್ಲಿ ಪ್ಯಾಕೇಜುಗಳನ್ನು ತೆಗೆಯುವಾಗ: ಆಧಾರ–ಆಶ್ರಿತಗಳ ವಿಚಾರ

ಇತಿಹಾಸದ ಅಧ್ಯಾಪಕರ ಲೇಖನಕ್ಕೆ ಗಣಕಯಂತ್ರದ ತಂತ್ರಾಂಶಗಳು ವಸ್ತುವಾದುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಇಂದು ಶಾಸನದ ಪಾಠವಾಗಲಿ ಹಳೆಯ ದಫ್ತರದ ಕಾಗದವಾಗಲಿ ನಮ್ಮ ಕೈಗೆ ಬಂದ ಮೇಲೆ ಹೋಗಿ ಸೇರುವುದು ಗಣಕಯಂತ್ರದೊಳಕ್ಕೆ. ಅಲ್ಲಿಂದ ಮತ್ತೆ ಹೊರಬರುವಾಗ ಅದು ಕನ್ನಡವಾಗಿ ಬರುವುದೋ ಬರಿಯ ಚೌಕಗಳ ಸಾಲಾಗಿ ಬರುವುದೋ ಎಂಬುದು ಆ ಯಂತ್ರದಲ್ಲಿ ಯಾವ ತಂತ್ರಾಂಶಗಳು ಉಳಿದಿವೆ, ಯಾವುವು ಹೋಗಿವೆ ಎಂಬುದನ್ನು ಹೊಂದಿಕೊಂಡಿದೆ. ತಂತ್ರಾಂಶಗಳನ್ನು ಸೇರಿಸುವ ಬಗೆಯನ್ನು ಹೇಳುವವರು ಹಲವರಿದ್ದಾರೆ. ತೆಗೆಯುವ ಬಗೆಯನ್ನು ಹೇಳುವವರು ವಿರಳ. ಆದುದರಿಂದ ಆ ಎರಡನೆಯ ವಿಷಯವನ್ನೇ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ವಿದ್ಯಾರ್ಥಿಗಳೊಡನೆ ಮನೆಮನೆಯ ಹಳೆಯ ಕಾಗದಪತ್ರಗಳನ್ನು ಪ್ರತಿಮಾಡಿಕೊಳ್ಳುವ ಕೆಲಸಕ್ಕೆ ನಾವು ಬಳಸುವುದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯುಳ್ಳ ಒಂದು ಹಳೆಯ ಲ್ಯಾಪ್‌ಟಾಪು. ಬೀದರ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುದು ಸರ್ವವಿದಿತ. ಆದಕಾರಣ ಇಲ್ಲಿಯ ಒಂದೇ ಮನೆಯ ಪೆಟ್ಟಿಗೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಟ್ಟಿಗೆ ಸಿಕ್ಕುವುದುಂಟು. ಕೆಲವೆಡೆ ತೆಲುಗೂ ಇರುತ್ತದೆ. ಇಷ್ಟು ಲಿಪಿಗಳ ಸಾಮಗ್ರಿಯನ್ನು ಚಿಕ್ಕ ಸಂಗ್ರಹದಲ್ಲಿ ತುಂಬಿದ ಯಂತ್ರ ಬೇಗನೆ ಬಿಗಿಯುತ್ತದೆ. ಆಗ ಬೇಡವಾದುದನ್ನು ತೆಗೆದುಹಾಕಬಾರದೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬಂದೇ ಬರುತ್ತದೆ. ತೆಗೆಯಬಹುದು. ಆದರೆ ಇದು ಬೇಡವೆಂದು ಹೇಳುವವರು ಯಾರು, ಯಂತ್ರವೋ ನಾವೋ ಎಂಬುದನ್ನು ಮೊದಲು ತಿಳಿಯಬೇಕು.

ಪರಿಭಾಷೆಯನ್ನು ಸ್ವಲ್ಪ ನಿಷ್ಕರ್ಷಿಸಿಕೊಳ್ಳೋಣ. ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶವು ಬಿಡಿ ಕಡತಗಳಾಗಿ ಬರದೆ ಪ್ಯಾಕೇಜು ಎಂಬ ಕಟ್ಟಾಗಿ ಬರುತ್ತದೆ. ಆ ಕಟ್ಟಿನೊಳಗೆ ಕಡತಗಳಲ್ಲದೆ ಒಂದು ವಿವರಪತ್ರವೂ ಇರುತ್ತದೆ. ಕಟ್ಟಿನ ಹೆಸರು, ಆವೃತ್ತಿ, ಅದು ಕೆಲಸಮಾಡಬೇಕಾದರೆ ಇರಲೇಬೇಕಾದ ಬೇರೆ ಕಟ್ಟುಗಳ ಪಟ್ಟಿ ಇವು ಆ ಪತ್ರದ ಒಕ್ಕಣೆ. ಒಂದು ಪ್ಯಾಕೇಜಿಗೆ ಬೇಕಾದುದನ್ನು ಅದರ ಆಧಾರವೆಂದೂ, ಬೇಕೆನ್ನುವುದನ್ನು ಆಶ್ರಿತವೆಂದೂ ನಾವು ಕರೆಯುತ್ತೇವೆ. ಉದಾಹರಣೆಗೆ ಮುದ್ರಿತ ಪುಟದ ಚಿತ್ರವನ್ನು ಓದಿ ಅಕ್ಷರಗಳಾಗಿ ಮಾಡಿಕೊಡುವ ಟೆಸೆರ್ಯಾಕ್ಟ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳಬಹುದು. ಇದು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ೧೯೮೫ರಿಂದ ಸುಮಾರು ಹತ್ತು ವರ್ಷ ಬೆಳೆದು, ೨೦೦೫ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಕನ್ನಡವನ್ನು ಓದುವುದಕ್ಕೆ ಅದಕ್ಕೆ ಪ್ರತ್ಯೇಕವಾದ ಭಾಷಾ ಪ್ಯಾಕೇಜು ಬೇಕು. ಆ ಭಾಷಾ ಪ್ಯಾಕೇಜಿಗೆ ಟೆಸೆರ್ಯಾಕ್ಟ್ ಆಧಾರ. ಟೆಸೆರ್ಯಾಕ್ಟಿಗೆ ಅದರ ಗ್ರಂಥಾಲಯ ಪ್ಯಾಕೇಜು ಆಧಾರ. ಅದಕ್ಕೆ ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ ಆಧಾರ. ಒಂದೇ ಗ್ರಂಥಾಲಯವನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುವುದರಿಂದ ಜಾಗ ಉಳಿಯುತ್ತದೆ. ತೆಗೆಯುವಾಗಿನ ತೊಡಕು ಹುಟ್ಟುವುದೂ ಈ ಹಂಚಿಕೆಯಿಂದಲೇ.

ಈ ಸಂಬಂಧಗಳಲ್ಲಿ ತರತಮವಿದೆ. ಡೆಬಿಯನ್ನಿನ ವಿವರಪತ್ರದಲ್ಲಿ ಬೇಕೇಬೇಕಾದುದು, ಇದ್ದರೆ ಒಳ್ಳೆಯದು, ಇದ್ದರೂ ಆದೀತು ಎಂದು ಮೂರು ಮೆಟ್ಟಿಲುಗಳನ್ನು ಮುಖ್ಯವಾಗಿ ಕಾಣುತ್ತೇವೆ. ಮೊದಲನೆಯದನ್ನು ಮುರಿದು ಉಳಿಯಲು ವ್ಯವಸ್ಥೆ ಒಪ್ಪುವುದಿಲ್ಲ, ಉಳಿದೆರಡನ್ನು ಮುರಿಯಬಹುದು.

ಆದಿಯಿಂದಲೂ ಎಲ್ಲೆಡೆಯೂ ಇಂಥ ಲೆಕ್ಕವಿತ್ತೆಂದಲ್ಲ. ೧೯೯೩ರ ಜುಲೈಯಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗರು ಹೊರತಂದ ಸ್ಲ್ಯಾಕ್‌ವೇರ್ ಇಂದಿಗೂ ತನ್ನ ಸ್ವಂತ ಉಪಕರಣದಲ್ಲಿ ಅವಲಂಬನೆಯ ಲೆಕ್ಕವನ್ನು ಇಡುವುದಿಲ್ಲ. ತೆಗೆಯೆಂದರೆ ತೆಗೆಯುತ್ತದೆ, ಮುಂದಿನದು ಬಳಸುವವನ ಹೊಣೆ. ಅದೇ ವರ್ಷದ ಆಗಸ್ಟಿನಲ್ಲಿ ಇಯಾನ್ ಮರ್ಡಾಕರು ಆರಂಭಿಸಿದ ಡೆಬಿಯನ್ ಬೇರೆ ದಾರಿಯನ್ನು ಹಿಡಿಯಿತು. ೧೯೯೬ರ ಜೂನ್ ತಿಂಗಳ ಅದರ ೧.೧ನೆಯ ಆವೃತ್ತಿಯಲ್ಲಿದ್ದ ಪ್ಯಾಕೇಜುಗಳು ೪೭೪. ೨೦೨೫ರ ಆಗಸ್ಟಿನ ೧೩ನೆಯ ಆವೃತ್ತಿಯಲ್ಲಿ ಅವು ೬೯,೦೦೦ವನ್ನು ಮೀರಿವೆ. ಇಷ್ಟನ್ನು ಮನುಷ್ಯನು ನೆನಪಿನಿಂದ ನಿರ್ವಹಿಸಲಾರ. ಡಿಪಿಕೆಜಿ ಎಂಬ ಮೂಲ ಉಪಕರಣವು ಯಂತ್ರದಲ್ಲಿರುವ ಕಟ್ಟುಗಳ ದಫ್ತರವನ್ನು ಇಡುತ್ತದೆ. ಅದರ ಮೇಲೆ ನಿಂತು ಯಾವುದನ್ನು ತರಬೇಕು, ಯಾವುದನ್ನು ತೆಗೆಯಬೇಕು ಎಂದು ಲೆಕ್ಕ ಹಾಕುವುದು ಆಪ್ಟ್. ಇದು ಡೆಬಿಯನ್ನಿನ ೨.೧ನೆಯ ಆವೃತ್ತಿಯೊಡನೆ ೧೯೯೯ರಲ್ಲಿ ಬಂದಿತು. ಉಬುಂಟು ಮುಂತಾದ ಹಲವು ವ್ಯವಸ್ಥೆಗಳು ಇದೇ ಕುಲಕ್ಕೆ ಸೇರಿದವು.

ಪ್ಯಾಕೇಜೊಂದನ್ನು ತೆಗೆದಾಗ ಪರಿಣಾಮವು ಎರಡು ದಿಕ್ಕಿನಲ್ಲಿ ಹರಿಯುತ್ತದೆ. ಆಧಾರವನ್ನೇ ತೆಗೆದರೆ ಅದರ ಮೇಲೆ ನಿಂತ ಆಶ್ರಿತಗಳೆಲ್ಲ ಬೀಳಬೇಕು. ಡಿಪಿಕೆಜಿ ಇಂಥ ಸಂದರ್ಭದಲ್ಲಿ ತೆಗೆಯಲು ನಿರಾಕರಿಸುತ್ತದೆ. ಆಪ್ಟ್ ನಿರಾಕರಿಸದೆ ಬೀಳುವವನ್ನೆಲ್ಲ ಪಟ್ಟಿಮಾಡಿ ಒಪ್ಪಿಗೆಯನ್ನು ಕೇಳುತ್ತದೆ. ಟೆಸೆರ್ಯಾಕ್ಟಿನ ಗ್ರಂಥಾಲಯವನ್ನು ತೆಗೆಯಹೊರಟರೆ ಆ ಪಟ್ಟಿಯಲ್ಲಿ ಟೆಸೆರ್ಯಾಕ್ಟ್, ಅದರ ಕನ್ನಡ ಪ್ಯಾಕೇಜು, ಅದನ್ನು ಬಳಸುವ ಜಿಇಮೇಜ್‌ರೀಡರ್ ಎಲ್ಲವೂ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪ್ರತಿಯಾಗಿ ಆಶ್ರಿತವನ್ನು ತೆಗೆದರೆ, ಅದಕ್ಕಾಗಿಯೇ ಬಂದಿದ್ದ ಆಧಾರಗಳು ಯಾರಿಗೂ ಬೇಡವಾಗಿ ಹಿಂದೆ ಉಳಿಯುತ್ತವೆ. ಇವನ್ನು ಅನಾಥ ಪ್ಯಾಕೇಜುಗಳೆನ್ನಬಹುದು. ಇವುಗಳನ್ನು ಗುಡಿಸಿಹಾಕುವ ಆಜ್ಞೆಯೇ ಆಟೋರಿಮೂವ್. ಫೆಡೋರಾದ ಡಿಎನ್‌ಎಫ್ ಅನಾಥಗಳನ್ನು ಮೊದಲ ಪಟ್ಟಿಯಲ್ಲಿಯೇ ಸೇರಿಸಿ ತೆಗೆಯುತ್ತದೆ. ಆರ್ಚ್ ವ್ಯವಸ್ಥೆಯ ಪ್ಯಾಕ್‌ಮ್ಯಾನ್ ಆಶ್ರಿತಗಳಿರುವ ತನಕ ಆಧಾರವನ್ನು ಬಿಟ್ಟುಕೊಡುವುದಿಲ್ಲ. ಪದ್ಧತಿಗಳು ಬೇರೆಯಾದರೂ ಪ್ರಶ್ನೆ ಒಂದೇ.

ಪ್ರಸಂಗವಶಾತ್ ನಮ್ಮ ಪ್ರದೇಶದ ಒಂದು ಸಂಗತಿಯನ್ನು ಇಲ್ಲಿ ಜ್ಞಾಪಿಸಬಹುದು. ೧೯೪೯ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಜಹಗೀರುಗಳನ್ನು ರದ್ದುಮಾಡಿದಾಗ ಜಹಗೀರುದಾರನೊಬ್ಬನ ವಿಚಾರ ಮಾತ್ರ ಎದುರಿಗಿರಲಿಲ್ಲ. ಆ ಜಹಗೀರಿನ ಹುಟ್ಟುವಳಿಯಲ್ಲಿ ಪಾಲು ಪಡೆಯುತ್ತಿದ್ದ ಹಿಸ್ಸೇದಾರರೂ ಜೀವನಾಂಶ ಪಡೆಯುತ್ತಿದ್ದ ಗುಜಾರಾದಾರರೂ ಇದ್ದರು. ಅವರಿಗೆ ಸಲ್ಲಬೇಕಾದುದನ್ನು ಗೊತ್ತುಪಡಿಸಲು ೧೯೫೦ರಲ್ಲಿ ಪರಿವರ್ತನಧನದ ಬಗ್ಗೆ ಬೇರೆ ನಿಬಂಧನೆಯನ್ನೇ ಮಾಡಬೇಕಾಯಿತು. ದಫ್ತರದಲ್ಲಿ ಹೆಸರಿದ್ದವನಿಗೆ ಪಾಲು ದೊರೆಯುವ ಮಾರ್ಗವಾಯಿತು. ಹೆಸರಿಲ್ಲದೆ ಆ ಮನೆತನದ ಆಸರೆಯಲ್ಲಿ ಬದುಕಿದ್ದವರ ವಿಷಯದಲ್ಲಿ ದಫ್ತರ ಏನನ್ನು ತಾನೇ ಹೇಳೀತು? ಯಂತ್ರದ ದಫ್ತರಕ್ಕೂ ಇದೇ ಮಿತಿಯುಂಟು.

ಆ ಮಿತಿಯನ್ನು ತಿಳಿಯಲು ಆಪ್ಟ್ ಇಡುವ ಒಂದು ಸಣ್ಣ ಗುರುತನ್ನು ನೋಡಬೇಕು. ಬಳಸುವವನು ಹೆಸರು ಹೇಳಿ ತರಿಸಿದ ಪ್ಯಾಕೇಜು ‘ಮ್ಯಾನ್ಯುಅಲ್’. ಇನ್ನೊಂದರ ಆಧಾರವಾಗಿ ಜೊತೆಯಲ್ಲಿ ಬಂದುದು ‘ಆಟೋ’. ಆಟೋರಿಮೂವ್ ಆಜ್ಞೆಯು ಆಟೋ ಎಂಬ ಗುರುತಿದ್ದು, ಉಳಿದ ಯಾವ ಪ್ಯಾಕೇಜಿನ ಕಡೆಯಿಂದಲೂ ಕೋರಿಕೆಯಿಲ್ಲದವನ್ನು ಮಾತ್ರ ತೆಗೆಯುತ್ತದೆ. ‘ಇದ್ದರೆ ಒಳ್ಳೆಯದು’ ಎಂಬಷ್ಟೇ ಕೋರಿಕೆಯಿದ್ದರೂ ಸಾಮಾನ್ಯ ಏರ್ಪಾಡಿನಲ್ಲಿ ಅದನ್ನು ಉಳಿಸುತ್ತದೆ. ತರ್ಕ ನಿರ್ದುಷ್ಟವಾದುದೇ. ಆದರೆ ತರಿಸುವಾಗ ಯಾವ ಹೆಸರನ್ನು ಹೇಳಿದೆವು ಎಂಬ ಆಕಸ್ಮಿಕದ ಮೇಲೆ ಅದು ನಿಂತಿದೆ. ಆರು ತಿಂಗಳಿನಿಂದ ದಿನವೂ ಬಳಸುತ್ತಿರುವ ಪ್ಯಾಕೇಜಾದರೂ ಸರಿಯೆ, ಅದು ಇನ್ನೊಂದರ ಬೆನ್ನಿಗೆ ಬಂದುದಾದರೆ ಆಟೋ ಎಂದೇ ಬರೆದಿರುತ್ತದೆ. ಬಳಕೆಯನ್ನು ಈ ದಫ್ತರ ನೋಡುವುದಿಲ್ಲ.

ಕನ್ನಡದ ಮಟ್ಟಿಗೆ ಇದು ಹೇಗೆ ಒದಗುತ್ತದೆ ಎಂಬುದನ್ನು ತುಸು ವಿಸ್ತಾರವಾಗಿಯೇ ಹೇಳುವುದು ಅಗತ್ಯ. ಡೆಬಿಯನ್ನಿನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಅಕ್ಷರಶೈಲಿಗಳು ಬೇರೆಬೇರೆ ಪ್ಯಾಕೇಜುಗಳಾಗಿವೆ. ಇವನ್ನು ಒಟ್ಟಿಗೆ ತರಲು ಫಾಂಟ್ಸ್-ಕೆಎನ್‌ಡಿಎ ಎಂಬ ಒಟ್ಟುಪ್ಯಾಕೇಜು ಇದೆ. ಅದರೊಳಗೆ ಸ್ವಂತದ ಅಕ್ಷರಶೈಲಿ ಯಾವುದೂ ಇಲ್ಲ, ಬರಿಯ ಆಧಾರಗಳ ಪಟ್ಟಿ. ಇದಕ್ಕೂ ಮೇಲೆ ಫಾಂಟ್ಸ್-ಇಂಡಿಕ್ ಎಂಬ ಮತ್ತೊಂದು ಒಟ್ಟುಪ್ಯಾಕೇಜು ಬಂಗಾಳಿ, ದೇವನಾಗರಿ, ಗುರುಮುಖಿ, ತಮಿಳು, ತೆಲುಗು, ಕನ್ನಡ ಮೊದಲಾದ ಲಿಪಿಗಳ ಒಟ್ಟುಪ್ಯಾಕೇಜುಗಳನ್ನು ತನ್ನ ಆಧಾರಗಳೆಂದು ಹೆಸರಿಸುತ್ತದೆ. ಬೀದರದಂತಹ ಬಹುಲಿಪಿಯ ಸೀಮೆಯಲ್ಲಿ ಯಂತ್ರವನ್ನು ಸಿದ್ಧಪಡಿಸುವವನು ಈ ದೊಡ್ಡ ಕಟ್ಟನ್ನೇ ಒಮ್ಮೆಗೆ ತರಿಸುವುದು ಸಹಜ. ಈಗ ಮ್ಯಾನ್ಯುಅಲ್ ಎಂಬ ಗುರುತು ಫಾಂಟ್ಸ್-ಇಂಡಿಕ್ ಒಂದಕ್ಕೆ. ಕನ್ನಡವೂ ಸೇರಿ ಉಳಿದುದೆಲ್ಲ ಆಟೋ.

ಕೆಲವು ಕಾಲದ ಮೇಲೆ ಜಾಗ ಸಾಲದೆ, ಬಂಗಾಳಿ ನಮಗೆ ಬೇಡವೆಂದು ವಿದ್ಯಾರ್ಥಿಯೊಬ್ಬನು ಫಾಂಟ್ಸ್-ಬೆಂಗ್ ಪ್ಯಾಕೇಜನ್ನು ತೆಗೆಯುತ್ತಾನೆಂದು ಭಾವಿಸೋಣ. ಫಾಂಟ್ಸ್-ಇಂಡಿಕ್ ಅದರ ಆಶ್ರಿತವಾದುದರಿಂದ ಅದೂ ಜೊತೆಯಲ್ಲಿ ಹೋಗುತ್ತದೆ. ಅದರಲ್ಲಿ ಹುರುಳೇ ಇಲ್ಲವಾದುದರಿಂದ ಪರದೆಯ ಮೇಲೆ ಒಂದು ಅಕ್ಷರವೂ ಬದಲಾಗದು. ಎಲ್ಲವೂ ಸುಸೂತ್ರವೆಂದೇ ತೋರುತ್ತದೆ. ಆದರೆ ಕನ್ನಡವನ್ನು ಬೇಕೆಂದು ಹೇಳುತ್ತಿದ್ದ ಒಂದೇ ಬಾಯಿ ಈಗ ಮುಚ್ಚಿದೆ. ವಾರದ ಮೇಲೆ ಮತ್ತೊಬ್ಬನು ಆಟೋರಿಮೂವ್ ನಡೆಸಿದಾಗ ದೇವನಾಗರಿ, ತೆಲುಗು, ಕನ್ನಡ ಎಲ್ಲವೂ ಬೇಡವಾದವುಗಳ ಸಾಲಿನಲ್ಲಿ ನಿಲ್ಲುತ್ತವೆ. ಪಟ್ಟಿ ಉದ್ದವಾಗಿದ್ದು, ಓದದೆ ಒಪ್ಪಿದರೆ, ಮರುದಿನ ಯಂತ್ರದಲ್ಲಿ ಬೇರೆ ಕನ್ನಡ ಅಕ್ಷರಶೈಲಿ ಇಲ್ಲದಿದ್ದ ಪಕ್ಷಕ್ಕೆ ಪ್ರತಿಮಾಡಿದ ಕಾಗದಗಳೆಲ್ಲ ಚೌಕಗಳಾಗಿರುತ್ತವೆ. ತಪ್ಪು ನಡೆದ ದಿನ ಒಂದು, ತೋರಿದ ದಿನ ಮತ್ತೊಂದು. ಹೀಗಾಗಿ ಕಾರಣವನ್ನು ಹುಡುಕುವವನು ಎರಡನೆಯವನನ್ನೇ ದೂರುತ್ತಾನೆ. ಇಷ್ಟಕ್ಕೂ ಅಕ್ಷರಶೈಲಿಗಳಿಂದ ಉಳಿಯುವ ಜಾಗ ಕೆಲವೇ ಮೆಗಾಬೈಟುಗಳು.

ಆಪ್ಟ್‌ನ ಕರ್ತೃಗಳಿಗೆ ಈ ಅಪಾಯ ತಿಳಿಯದೆ ಇಲ್ಲ. ಸಂಗ್ರಹದ ‘ಮೆಟಾಪ್ಯಾಕೇಜಸ್’ ಮತ್ತು ‘ಟಾಸ್ಕ್ಸ್’ ಎಂಬ ವಿಭಾಗಗಳಲ್ಲಿ ನಮೂದಾದ ಒಟ್ಟುಪ್ಯಾಕೇಜುಗಳ ಆಧಾರಗಳಿಗೆ ಅದು ಆಟೋ ಎಂಬ ಗುರುತನ್ನು ಹಾಕುವುದಿಲ್ಲ. ಆದರೆ ಒಟ್ಟುಪ್ಯಾಕೇಜಿನಂತೆ ವರ್ತಿಸುವುದೆಲ್ಲ ಆ ವಿಭಾಗಗಳಲ್ಲಿಲ್ಲ. ಫಾಂಟ್ಸ್-ಇಂಡಿಕ್ ಇರುವುದು ಅಕ್ಷರಶೈಲಿಗಳ ವಿಭಾಗದಲ್ಲಿ. ಪರಿಹಾರವೇನೋ ಬಲು ಸುಲಭ. ಆಪ್ಟ್-ಮಾರ್ಕ್ ಮ್ಯಾನ್ಯುಅಲ್ ಎಂಬ ಆಜ್ಞೆಯ ಮುಂದೆ ಫಾಂಟ್ಸ್-ಕೆಎನ್‌ಡಿಎ ಎಂದು ಬರೆದರೆ ಕನ್ನಡವು ತನ್ನ ಹೆಸರಿನಲ್ಲಿಯೇ ದಫ್ತರಕ್ಕೆ ಏರುತ್ತದೆ. ಟೈಪು ಮಾಡಲು ಬೇಕಾದ ಐಬಸ್-ಎಂ೧೭ಎನ್ ಪ್ಯಾಕೇಜಿಗೂ ಟೆಸೆರ್ಯಾಕ್ಟಿನ ಕನ್ನಡ ಪ್ಯಾಕೇಜಿಗೂ ಹೀಗೆಯೇ ಮಾಡುವುದು ಕ್ಷೇಮ.

ಇದು ನಮ್ಮ ಒಂದು ಯಂತ್ರದ ಮಾತಲ್ಲ. ಕೇರಳ ಸರ್ಕಾರವು ೨೦೦೧ರಲ್ಲಿ ಆರಂಭಿಸಿ, ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಡಿಸಿದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಅಲ್ಲಿನ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದನ್ನೇ ಬಳಸುತ್ತಾರೆ. ಬೇರೆ ಭಾಷೆ ಪ್ರಧಾನವಾಗಿರುವ ಯಂತ್ರದಲ್ಲಿ ಕನ್ನಡದ ಪ್ಯಾಕೇಜನ್ನು ಬೇಡವೆನ್ನುವ ಕೈ ಇನ್ನೂ ಹತ್ತಿರದಲ್ಲಿರುತ್ತದೆ.

ಆದರೆ ದಫ್ತರಕ್ಕೆ ಎಂದೂ ಏರದ ಅವಲಂಬನೆಗಳೂ ಇವೆ, ಮತ್ತು ಇತಿಹಾಸದ ವಿದ್ಯಾರ್ಥಿಗೆ ಅವೇ ಹೆಚ್ಚು ಗಮನಾರ್ಹ. ಯುನಿಕೋಡ್ ಸರ್ವತ್ರ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳು ಕಾಲೇಜುಗಳಲ್ಲಿ ರಾಶಿಯಾಗಿವೆ. ಅವುಗಳಲ್ಲಿ ಕನ್ನಡದ ಅಕ್ಷರಕ್ಕೆ ಬದಲಾಗಿ ರೋಮನ್ ಅಕ್ಷರಗಳ ಸಂಕೇತಗಳಿದ್ದು, ಅವಕ್ಕೆ ಕನ್ನಡದ ರೂಪವನ್ನು ಕೊಡುವುದು ಆ ಅಕ್ಷರಶೈಲಿ ಮಾತ್ರ. ಯುನಿಕೋಡ್ ಕಡತದ ಅಕ್ಷರಶೈಲಿ ಹೋದರೆ ಚೌಕಗಳು ಕಾಣುತ್ತವೆ, ಮತ್ತೊಂದು ಶೈಲಿಯನ್ನು ತಂದರೆ ಪಾಠ ಮರಳುತ್ತದೆ. ಹಳೆಯ ಕಡತದ ಶೈಲಿ ಹೋದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಅದು ಕನ್ನಡವೆಂದು ಗುರುತಿಸುವುದೇ ಕಷ್ಟ. ಈ ಹಳೆಯ ಶೈಲಿಗಳನ್ನು ಯಾರೋ ಕೈಯಾರೆ ಯಂತ್ರದೊಳಗೆ ಇರಿಸಿರುತ್ತಾರೆ. ಅದು ಯಾವ ಪ್ಯಾಕೇಜಿಗೂ ಸೇರಿದುದಲ್ಲ, ಆದಕಾರಣ ಆಪ್ಟ್‌ಗೆ ಅದರ ಅಸ್ತಿತ್ವವೇ ತಿಳಿಯದು. ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ ನಿಜ. ಆದರೆ ಯಂತ್ರವನ್ನು ಹೊಸದಾಗಿ ಸಿದ್ಧಪಡಿಸುವ ದಿನ ಅದನ್ನು ನೆನಪಿಸುವವರೂ ಯಾರೂ ಇರುವುದಿಲ್ಲ. ಮೂಲದಿಂದ ತಾವೇ ಕಟ್ಟಿಕೊಂಡ ತಂತ್ರಾಂಶಗಳ ಸ್ಥಿತಿಯೂ ಹೀಗೆಯೇ. ಅವು ಒಂದು ಗ್ರಂಥಾಲಯವನ್ನು ಬಳಸುತ್ತಿದ್ದರೂ ದಫ್ತರದಲ್ಲಿ ಆ ಗ್ರಂಥಾಲಯ ಅನಾಥವೆಂದೇ ಇರುತ್ತದೆ.

ಹೊರಗಿನ ಪ್ರಪಂಚದಲ್ಲಿ ಇದೇ ಪ್ರಶ್ನೆ ಬೃಹದ್ರೂಪದಲ್ಲಿ ಎದ್ದುದುಂಟು. ೨೦೧೬ರ ಮಾರ್ಚಿಯಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹದಿಂದ ಒಬ್ಬ ಕರ್ತೃವು ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಹಿಂತೆಗೆದುಕೊಂಡಾಗ, ಅದರ ಹೆಸರನ್ನೇ ಕೇಳದಿದ್ದವರ ತಂತ್ರಾಂಶಗಳೂ ಕಟ್ಟಲಾಗದೆ ನಿಂತವು; ಸಂಗ್ರಹದವರು ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಪೈಥಾನ್ ೨. ಅದರ ಪೋಷಣೆ ೨೦೨೦ರ ಜನವರಿ ೧ಕ್ಕೆ ಮುಗಿಯಿತಾದರೂ, ಡೆಬಿಯನ್ನಿನವರು ಅದರ ಆಶ್ರಿತಗಳನ್ನು ಒಂದೊಂದಾಗಿ ಪೈಥಾನ್ ೩ಕ್ಕೆ ದಾಟಿಸಿ, ದಾಟಲಾರದವನ್ನು ಕೈಬಿಟ್ಟು, ೨೦೨೩ರ ೧೨ನೆಯ ಆವೃತ್ತಿಯಲ್ಲಿ ಮಾತ್ರ ಆ ಆಧಾರವನ್ನು ಸಂಪೂರ್ಣವಾಗಿ ತೆಗೆದರು. ಆಶ್ರಿತ ಮೊದಲು, ಆಧಾರ ಕೊನೆಗೆ ಎಂಬ ಕ್ರಮವನ್ನು ಇಷ್ಟು ತಾಳ್ಮೆಯಿಂದ ಪಾಲಿಸಿದುದು ಮೆಚ್ಚತಕ್ಕದ್ದು.

ತೆಗೆಯುವಿಕೆಯು ತೆಗೆಯುವ ಆಜ್ಞೆಯಿಂದಲೇ ಆಗಬೇಕೆಂದೂ ಇಲ್ಲ. ೨೦೨೧ರ ನವೆಂಬರಿನಲ್ಲಿ ಕೆನಡಾದ ಪ್ರಸಿದ್ಧ ವೀಡಿಯೋಕಾರರಾದ ಲೈನಸ್ ಸೆಬಾಸ್ಟಿಯನ್ನರು ಪಾಪ್ ಓಎಸ್ ಎಂಬ ವ್ಯವಸ್ಥೆಯಲ್ಲಿ ಸ್ಟೀಮ್ ಎಂಬುದನ್ನು ಸೇರಿಸಹೊರಟರು. ಪ್ಯಾಕೇಜುಗಳ ನಡುವಣ ವಿರೋಧವನ್ನು ಪರಿಹರಿಸಲು ಆಪ್ಟ್ ಕಂಡುಕೊಂಡ ದಾರಿ ಪರದೆಯ ವ್ಯವಸ್ಥೆಯನ್ನೇ ತೆಗೆಯುವುದಾಗಿತ್ತು. ಅದು ಎಚ್ಚರಿಕೆ ಕೊಟ್ಟು, ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಪೂರ್ಣ ವಾಕ್ಯವನ್ನೇ ಬರೆಯಿಸಿಕೊಂಡಿತು, ಅವರೂ ಬರೆದರು. ಆಮೇಲೆ ಆಪ್ಟ್‌ನ ನಿರ್ಬಂಧವನ್ನು ಬಿಗಿಗೊಳಿಸಲಾಯಿತು. ನಮ್ಮ ಅಭಿಪ್ರಾಯದಲ್ಲಿ ವಾಕ್ಯವನ್ನು ಬರೆಯಿಸಿಕೊಳ್ಳುವುದರಿಂದ ಓದು ಹುಟ್ಟುವುದಿಲ್ಲ. ಪಾಠಪರಿಶೀಲನೆಯ ಅಭ್ಯಾಸವುಳ್ಳವರು ಆ ಪಟ್ಟಿಯನ್ನು ಶಾಸನದ ಸಾಲಿನಂತೆ ಹೆಸರು ಹೆಸರಾಗಿ ಓದಿದರೆ ಸಾಕು.

ಕಾರ್ಯಕ್ರಮದ ಬಗ್ಗೆ ಕೆಲವು ಮಾತು. ಜಾಗ ಬೇಕಾದಾಗ ಮೊದಲು ಯಾವ ಪ್ಯಾಕೇಜನ್ನೂ ತೆಗೆಯದೆ, ಕೆಳಗಿಳಿಸಿ ಇಟ್ಟ ಕಟ್ಟುಗಳ ಪ್ರತಿಗಳನ್ನು ನೋಡಬೇಕು. ಆಪ್ಟ್ ಕ್ಲೀನ್ ಅವನ್ನು ಅಳಿಸುತ್ತದೆ. ಆಟೋರಿಮೂವ್‌ನಿಂದ ನಿಜವಾಗಿ ಜಾಗ ದೊರೆಯುವುದು ಸಾಮಾನ್ಯವಾಗಿ ಹಳೆಯ ಕರ್ನೆಲ್‌ಗಳು ಹೋಗುವುದರಿಂದ. ತೆಗೆಯುವ ಮುನ್ನ ಸಿಮ್ಯುಲೇಟ್ ಎಂಬ ಆಯ್ಕೆಯೊಡನೆ ಆಜ್ಞೆಯನ್ನು ಕೊಟ್ಟರೆ ಏನನ್ನೂ ಮುಟ್ಟದೆ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಒಂದು ಪ್ಯಾಕೇಜು ಏಕೆ ಇದೆಯೆಂದು ತಿಳಿಯದಿದ್ದರೆ ಆಪ್ಟಿಟ್ಯೂಡ್ ವೈ ಎಂಬ ಆಜ್ಞೆಯು ಅದನ್ನು ಬೇಕೆಂದವರ ಸರಪಣಿಯನ್ನು ಹೇಳುತ್ತದೆ. ರಿಮೂವ್ ಎಂಬುದು ಏರ್ಪಾಡಿನ ಕಡತಗಳನ್ನು ಉಳಿಸಿ ತಂತ್ರಾಂಶವನ್ನು ಮಾತ್ರ ತೆಗೆಯುತ್ತದೆ, ಪರ್ಜ್ ಆ ಕಡತಗಳನ್ನೂ ಅಳಿಸುತ್ತದೆ. ಸಂದೇಹವಿರುವಲ್ಲಿ ರಿಮೂವ್ ಲೇಸು. ಬಳಸುವವನ ಸ್ವಂತ ಬರವಣಿಗೆಯನ್ನು ಎರಡೂ ಮುಟ್ಟುವುದಿಲ್ಲ. ಫೋರ್ಸ್-ಡಿಪೆಂಡ್ಸ್ ಎಂಬ ಬಲವಂತದ ಆಯ್ಕೆಯನ್ನು ವಿದ್ಯಾರ್ಥಿಗಳಿಗೆ ಕಲಿಸದಿರುವುದೇ ಮೇಲು.

ಖಟಕ ಚಿಂಚೋಳಿಯಂತಹ ಊರಿನಲ್ಲಿ ಇನ್ನೊಂದು ವಿಚಾರವನ್ನು ಸೇರಿಸಬೇಕು. ತೆಗೆಯಲು ಜಾಲಸಂಪರ್ಕ ಬೇಡ. ಮರಳಿ ತರಲು ಬೇಕು. ನಗರದಲ್ಲಿ ಐದು ನಿಮಿಷದಲ್ಲಿ ಸರಿಯಾಗುವ ತಪ್ಪು, ಸಂಪರ್ಕ ದುರ್ಬಲವಾದಲ್ಲಿ ಒಂದು ದಿನದ ಕೆಲಸವನ್ನು ಕೆಡಿಸುತ್ತದೆ. ಸಂಪರ್ಕವನ್ನು ಕೊಡುವ ಪ್ಯಾಕೇಜೇ ಪಟ್ಟಿಯಲ್ಲಿ ಸೇರಿ ಹೋದರಂತೂ ತರುವ ದಾರಿಯೇ ಮುಚ್ಚುತ್ತದೆ. ಹಿಂದೆ ಕೆಳಗಿಳಿಸಿದ ಕಟ್ಟುಗಳು ಯಂತ್ರದಲ್ಲಿಯೇ ಉಳಿಯುತ್ತಿದ್ದವು. ೨೦೧೬ರಿಂದ ಈಚೆಗೆ ಆಪ್ಟ್ ಎಂಬ ಆಜ್ಞೆಯು ಸ್ಥಾಪನೆ ಮುಗಿದೊಡನೆ ಅವನ್ನು ಅಳಿಸುತ್ತದೆ, ಹಳೆಯ ಆಪ್ಟ್-ಗೆಟ್ ಅಳಿಸುವುದಿಲ್ಲ. ಆದುದರಿಂದ ಆಪ್ಟ್ ಡೌನ್‌ಲೋಡ್ ಆಜ್ಞೆಯಿಂದ ಅಕ್ಷರಶೈಲಿ, ಟೆಸೆರ್ಯಾಕ್ಟ್, ಟೈಪಿಂಗ್ ಇವುಗಳ ಕಟ್ಟುಗಳನ್ನು ಅವುಗಳ ಆಧಾರಗಳೊಡನೆ ಒಂದು ಪೆನ್‌ಡ್ರೈವಿನಲ್ಲಿ ಮೊದಲೇ ಶೇಖರಿಸಿಡುತ್ತೇವೆ.

ನಡೆದುದನ್ನೆಲ್ಲ ಯಂತ್ರ ಬರೆದಿಡುತ್ತದೆ. ಯಾವ ದಿನ, ಯಾವ ಆಜ್ಞೆಯಿಂದ, ಯಾವ ಪ್ಯಾಕೇಜುಗಳು ಬಂದುವು, ಯಾವುವು ಹೋದುವು ಎಂಬುದು ಹಿಸ್ಟರಿ.ಲಾಗ್ ಎಂಬ ಕಡತದಲ್ಲಿದೆ. ಹೆಸರು ನಮ್ಮ ವಿಭಾಗಕ್ಕೆ ಒಪ್ಪುವಂತಹುದೇ. ಮೇಲೆ ಹೇಳಿದ ಬಂಗಾಳಿಯ ಪ್ರಸಂಗದಲ್ಲಿ ಮೊದಲನೆಯವನ ದಿನವನ್ನೂ ಎರಡನೆಯವನ ದಿನವನ್ನೂ ಇದರಿಂದಲೇ ನಿರ್ಣಯಿಸಬಹುದು. ಆದರೆ ಸಾಮಾನ್ಯ ಏರ್ಪಾಡಿನಲ್ಲಿ ಈ ಬಖೈರು ಹನ್ನೆರಡು ತಿಂಗಳಿಗಿಂತ ಹಿಂದಿನದನ್ನು ಉಳಿಸಿಕೊಳ್ಳುವುದಿಲ್ಲ. ಆದಕಾರಣ ನಾವು ಪ್ರತಿ 학ವರ್ಷದ ಕೊನೆಯಲ್ಲಿ ಅದರ ಒಂದು ಪ್ರತಿಯನ್ನೂ, ಮ್ಯಾನ್ಯುಅಲ್ ಎಂಬ ಗುರುತುಳ್ಳ ಪ್ಯಾಕೇಜುಗಳ ಪಟ್ಟಿಯನ್ನೂ, ಕೈಯಾರೆ ಇರಿಸಿದ ಹಳೆಯ ಅಕ್ಷರಶೈಲಿಗಳ ಹೆಸರುಗಳನ್ನೂ ಕಾಗದದ ಮೇಲೆ ಮುದ್ರಿಸಿ, ಪ್ರತಿಮಾಡಿದ ದಾಖಲೆಗಳ ಸೂಚಿಯ ಜೊತೆಗೆ ಹೊಲಿದು ಇರಿಸುತ್ತಿದ್ದೇವೆ.